ಜೋಬಿನ ಚಾಕು ತಗೊಳ್ಳೋದಾ, ಮಲ್ಟಿಟೂಲಾ? ತೋಟಕ್ಕೂ ಆಗ್ಬೇಕು ಬೆಟ್ಟಕ್ಕೂ ಆಗ್ಬೇಕು

ದುರ್ಗದ ಹುಡುಗ

ಎಲ್ರಿಗೂ ನಮಸ್ಕಾರ. ನಾನಿರೋದು ಚಿತ್ರದುರ್ಗ, ವಾರಪೂರ್ತಿ ಆಫೀಸು, ಶನಿವಾರ ಭಾನುವಾರ ಹಿರಿಯೂರು ಕಡೆ ನಮ್ಮ ದಾಳಿಂಬೆ ತೋಟ, ತೋಟದಲ್ಲಿ ಕೆಲ್ಸ ಇಲ್ಲ ಅಂದ್ರೆ ಫ್ರೆಂಡ್ಸ್ ಜೊತೆ ಜೋಗಿಮಟ್ಟಿನೋ ಚಂದ್ರವಳ್ಳಿನೋ ಹೋಗೋದು. ಎರಡಕ್ಕೂ ಆಗೋ ಹಂಗೆ ಜೋಬಲ್ಲಿ ಇಟ್ಕೊಳೋಕೆ ಒಂದು ಒಳ್ಳೆ ಚಾಕು ಬೇಕಾಗೈತೆ.

ಹೋದ ವರ್ಷ ಆನ್‌ಲೈನಲ್ಲಿ 650 ರೂಪಾಯಿಗೆ ಒಂದು ಮಲ್ಟಿಟೂಲ್ (ಇಕ್ಕಳ, ಚಾಕು ಎಲ್ಲ ಒಂದರಲ್ಲೇ ಮಡಚಿಟ್ಟಿರೋದು) ತರಿಸಿದ್ದೆ, ಹದಿನೈದು ಐಟಂ ಐತೆ ಅಂತ ಹಾಕಿದ್ರು, ಫೋಟೋದಲ್ಲಿ ಚೆನ್ನಾಗೇ ಕಾಣ್ತಿತ್ತು. ಬೈಕ್ ಟೈರಿಗೆ ಬಳ್ಳಾರಿ ಜಾಲಿ ಮುಳ್ಳು ಹೊಕ್ಕಿತ್ತು, ಅದನ್ನ ಕಿತ್ತೋಣ ಅಂತ ಇಕ್ಕಳದಲ್ಲಿ ಹಿಡಿದು ಎಳೆದ್ರೆ ಮುಳ್ಳು ಅಲ್ಲೇ, ಇಕ್ಕಳದ ಮೂತಿ ಸೊಟ್ಟ. ಸರಿ ಚಾಕು ಆದ್ರೂ ಇರುತ್ತಲ್ಲ ಅಂತ ಇಟ್ಕೊಂಡೆ. ಒಂದಿನ ಡ್ರಿಪ್ಪಿನ 16 ಎಂಎಂ ಪೈಪಿಗೆ ಚಾಕು ತುದಿ ಚುಚ್ಚಿ ಒತ್ತಿದೆ ನೋಡಿ, ಅಲಗು ಹಿಂದಕ್ಕೆ ಮಡಚ್ಕೊಂಡು ತೋರುಬೆರಳಿಗೆ ಬಿತ್ತು. ಮೂರು ಹೊಲಿಗೆ. ಇವಾಗ್ಲೂ ಚಳಿಗೆ ಆ ಬೆರಳು ಜುಮ್ ಅನ್ನುತ್ತೆ.

ಅದಕ್ಕೆ ಈ ಸಲ ಕೇಳ್ಕೊಂಡೇ ತಗೊಳ್ಳೋಣ ಅಂತ. ನಾಲ್ಕು ಸಾವಿರದ ತನಕ ಹಾಕ್ತೀನಿ, ತೀರಾ ಚೆನ್ನಾಗೈತೆ ಅಂದ್ರೆ ಇನ್ನೊಂದು ಸ್ವಲ್ಪ ಸೇರಿಸ್ತೀನಿ. ಬರೀ ಚಾಕು ಸಾಕಾ, ಇಕ್ಕಳ ಇರೋದೇ ಬೇಕಾ? ವರ್ಷಗಟ್ಟಲೆ ಬಳಸಿರೋರು ಹೇಳಿ.

ಮೋಟ್ರು ರಿಪೇರಿ ದಾವಣಗೆರೆ

ಬ್ರದರ್, ನಾನು ಮೋಟ್ರು ವೈಂಡಿಂಗ್ ಮಾಡೋನು, ದಿನಾ ಹೊಲಕ್ಕೆ ಹೋಗ್ತೀನಿ, ನನ್ನ ಕೇಳಿದ್ರ ಮಲ್ಟಿಟೂಲೇ ತಗೊಳ್ರಿ. ಹೊಲದಾಗ ಕೆಲ್ಸ ನಿಲ್ಲೋದು ಚಾಕು ಇಲ್ಲ ಅಂತ ಅಲ್ಲ, ಹಿಡಿಯೋಕೆ ಏನೂ ಇಲ್ಲ ಅಂತ. ನಟ್ಟು ಹಿಡೀಬೇಕು, ತಂತಿ ತಿರುವಬೇಕು, ಪೈಪಿನ ಕ್ಲಾಂಪ್ ಬಿಗಿ ಮಾಡಬೇಕು, ಇದ್ಯಾವುದೂ ಚಾಕುವಿನಾಗ ಆಗಲ್ಲ. ಮಲ್ಟಿಟೂಲ್ ಮಾಡೋ ಲೆದರ್‌ಮನ್ ಕಂಪನಿ ಹುಟ್ಟಿದ್ದೂ ಹಿಂಗೇ ಐತಿ. ಟಿಮ್ ಲೆದರ್‌ಮನ್ ಅಂತ ಅಮೆರಿಕದ ಒಬ್ಬ ಮನುಷ್ಯ 1975ರಾಗ ಹಳೇ ಫಿಯಟ್ ಕಾರ್ ತಗೊಂಡು ಯುರೋಪ್ ಸುತ್ತುತಿದ್ದ, ಜೋಬಿನಾಗ ಚಾಕು ಇತ್ತು, ಆದ್ರ ಕಾರು ಕೆಟ್ಟಾಗೆಲ್ಲ ಅವನಿಗೆ ಬೇಕಾಗಿದ್ದು ಇಕ್ಕಳ. ಊರಿಗೆ ಹೋಗಿ ವರ್ಷಾನುಗಟ್ಟಲೆ ಕುಂತು ತಾನೇ ಒಂದು ಮಾಡಿದ, 1983ರಾಗ ಮಾರಾಟಕ್ಕ ಬಂತು.

ನಂದು ಅದರ ವೇವ್ ಮಾಡೆಲ್. ಅಲಗು, ಗರಗಸ, ಅರ ಎಲ್ಲ ಹೊರಗಿನಿಂದನೇ ಬಿಚ್ಚಬಹುದು, ಬಿಚ್ಚಿದ ಮ್ಯಾಲೆ ಲಾಕ್ ಆಕ್ಕಾವು. ತೂಕ 240 ಗ್ರಾಂ ಹತ್ರ ಐತಿ, ಪ್ಯಾಂಟಿನ ಜೋಬಿಗೆ ಭಾರ, ಬೆಲ್ಟಿಗೇ ಹಾಕ್ಕೋಬೇಕು. ನಿಮ್ಮ ಬಜೆಟ್‌ನಾಗ ಬರಲ್ಲ, ಹತ್ತು ಸಾವಿರ ದಾಟತೈತಿ, ಆದ್ರ ಕಂಪನಿ 25 ವರ್ಷ ವಾರಂಟಿ ಕೊಡತೈತಿ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಮನಸಿನಾಗ ಇಟ್ಕೊಳ್ರಿ. ಮಲ್ಟಿಟೂಲಿನ ಹಿಡಿ ಪೂರಾ ಕಬ್ಬಿಣ, ರಬ್ಬರ್ ಕವರ್ ಇರಲ್ಲ. ಜೋಬಿನಾಗ ಇಕ್ಕಳ ಐತಲ್ಲ ಅಂತ ಸ್ಟಾರ್ಟರ್ ಬಾಕ್ಸಿಗೆ, ಟಿಸಿ (ಟ್ರಾನ್ಸ್‌ಫಾರ್ಮರ್) ಫ್ಯೂಸಿಗೆ ಕೈ ಹಾಕಬ್ಯಾಡ್ರಿ. ಕರೆಂಟ್ ಕೆಲ್ಸಕ್ಕ ಹಿಡಿಗೆ ಇನ್ಸುಲೇಷನ್ ಇರೋ ಕಟಿಂಗ್ ಪ್ಲೇಯರ್ ಬ್ಯಾರೆನೇ ಇಟ್ಕೋಬೇಕು, ಅದನ್ನ ಹಿಡಿಯೋಕೂ ಮೊದಲು ಮೇನ್ ಆಫ್ ಆಗಬೇಕು.

ಬೆಟ್ಟದ ದಾರಿ

ಅಣ್ಣ, ನಾನು ಹನ್ನೊಂದು ವರ್ಷದಿಂದ ಟ್ರೆಕ್ಕಿಂಗ್ ಮಾಡ್ತಿದೀನಿ, ಬ್ಯಾಗಲ್ಲಿ ಸ್ವಿಸ್ ಕಂಪನಿ ವಿಕ್ಟೋರಿನಾಕ್ಸಿನ ಹಂಟ್ಸ್‌ಮನ್ ಚಾಕು ಇಲ್ದೆ ಹೊರಟಿದ್ದೇ ಇಲ್ಲ. ಮಡಚಿದ್ರೆ 91 ಎಂಎಂ, ತೂಕ ನೂರು ಗ್ರಾಮಿಗೂ ಕಮ್ಮಿ. ದೊಡ್ಡ ಅಲಗು, ಸಣ್ಣ ಅಲಗು, ಕತ್ತರಿ, ಗರಗಸ, ಚಿಮಟ ಇದ್ರಲ್ಲಿ ನಾನು ಜಾಸ್ತಿ ಬಳಸಿರೋದು ಯಾವುದು ಗೊತ್ತಾ, ಕತ್ತರಿ ಮತ್ತೆ ಚಿಮಟ. ಬ್ಯಾಂಡೇಜ್ ಕತ್ತರಿಸೋಕೆ, ಗ್ಲೂಕೋಸ್ ಪ್ಯಾಕೆಟ್ ಬಿಚ್ಚೋಕೆ, ಉಗುರು ಕಿತ್ತೋದಾಗ. ಜೋಗಿಮಟ್ಟಿ ಇಳಿಯುವಾಗ ಒಂದು ಹುಡುಗಿ ಅಂಗೈಗೆ ಮುಳ್ಳು ಮುರಿದು ಒಳಗೇ ಉಳ್ಕೊಂಡಿತ್ತು, ಚರ್ಮದ ಮೇಲೆ ಕಂಡೂ ಕಾಣದ ಹಂಗೆ ಒಂದು ಕಪ್ಪು ಚುಕ್ಕೆ ಅಷ್ಟೇ, ಆ ಚಿಮಟದ ಓರೆ ತುದಿಲಿ ಮೆಲ್ಲಗೆ ಒತ್ತಿ ಹಿಡಿದು ಮುಳ್ಳು ಹೋಗಿದ್ದ ದಿಕ್ಕಲ್ಲೇ ವಾಪಸ್ ಎಳೆದಿದ್ದಕ್ಕೆ ಪೂರ್ತಿ ಬಂತು. ದೊಡ್ಡ ಇಕ್ಕಳದಲ್ಲಿ ಅದು ಆಗ್ತಿರ್ಲಿಲ್ಲ.

ಬೆನ್ನ ಕಡೆ ಇರೋ ದಬ್ಬಳಕ್ಕೆ ಕಣ್ಣು ಕೂಡ ಇದೆ, ಹುರಿ ಪೋಣಿಸಿ ಬ್ಯಾಗಿನ ಪಟ್ಟಿ ಹೊಲಿದಿದೀನಿ. ನಿಮ್ಮ ತೋಟದಲ್ಲಿ ಚೀಲ ಹೊಲಿಯೋಕೂ ಆಗುತ್ತೆ.

ಆದ್ರೆ ನಿಮ್ಮ ಬೆರಳಿನ ವಿಷಯ ಓದಿ ಇದನ್ನ ಹೇಳ್ಲೇಬೇಕು, ಹಂಟ್ಸ್‌ಮನ್ನಿಗೆ ಲಾಕ್ ಇಲ್ಲ. ಸ್ಪ್ರಿಂಗಿನ ಬಿಗಿ ಮೇಲೇ ಅಲಗು ನಿಂತಿರುತ್ತೆ. ಎಳೆದು ಕೊಯ್ಯೋವಾಗ ಏನೂ ಆಗಲ್ಲ, ಯಾಕಂದ್ರೆ ಒತ್ತಡ ಅಂಚಿನ ಕಡೆಯಿಂದ ಬಂದು ಅಲಗನ್ನ ಇನ್ನೂ ಬಿಚ್ಚೋ ಕಡೆಗೇ ತಳ್ಳುತ್ತೆ. ಚುಚ್ಚಿ ಒತ್ತಿದಾಗ, ಇಲ್ಲಾ ಸಿಕ್ಕಾಕೊಂಡಿದ್ದನ್ನ ಅಲ್ಲಾಡಿಸಿ ಕೀಳುವಾಗ ಬೆನ್ನ ಕಡೆ ಒತ್ತಡ ಬೀಳುತ್ತೆ, ಆಗ್ಲೇ ಮಡಚ್ಕೊಳ್ಳೋದು. ನಿಮಗೂ ಆಗಿರೋದು ಅದೇ ಅಣ್ಣ. ಚುಚ್ಚೋ ಕೆಲ್ಸ ಇದೆ ಅಂದ್ರೆ ಅದೇ ಕಂಪನಿದು 111 ಎಂಎಂ ಸೈಜಲ್ಲಿ ಲಾಕ್ ಇರೋದು ಸಿಗುತ್ತೆ, ಅದನ್ನ ನೋಡಿ. ಫ್ರಾನ್ಸಿನ ಒಪಿನೆಲ್ 8ನೇ ನಂಬರ್ ಕೂಡ ಇದೆ, ಮರದ ಹಿಡಿ, ಕತ್ತಿನ ಹತ್ರ ಒಂದು ಉಂಗುರ, ಅದನ್ನ ತಿರುಗಿಸಿದ್ರೆ ಅಲಗು ಲಾಕ್. ಅದ್ರಲ್ಲಿ ಬರೀ ಚಾಕು ಮಾತ್ರ, ಹಣ್ಣು ತರಕಾರಿ ಕೊಯ್ಯೋಕೆ ಅದರಷ್ಟು ಚೆನ್ನಾಗಿರೋದು ನಾನು ಬೇರೆ ನೋಡಿಲ್ಲ, ನೀರಲ್ಲಿ ನೆನೆದ್ರೆ ಮಾತ್ರ ಮರ ಉಬ್ಬಿ ಬಿಚ್ಚೋಕೆ ಬಿಗಿಯಾಗುತ್ತೆ.

ಚನ್ನಗಿರಿ ತೋಟ

ಒಪಿನೆಲ್ ತಗೊಂಡ್ರೆ ಸ್ಟೇನ್‌ಲೆಸ್ಸೇ ತಗೊಳ್ಳಿ ಸಾರ್. ಕಾರ್ಬನ್ ಸ್ಟೀಲಿಂದು ಒಂದು ಬರುತ್ತೆ, ನಾನು ಗೊತ್ತಿಲ್ದೆ ಅದನ್ನ ತಗೊಂಡು ಹಸಿ ಅಡಿಕೆ ಕೊಯ್ದೆ, ಸಂಜೆ ಅನ್ನೋಷ್ಟರಲ್ಲಿ ಅಲಗು ಕಪ್ಪಗಾಗಿತ್ತು. ಅಡಿಕೆ ಚೊಗರಿಗೂ ಕಬ್ಬಿಣಕ್ಕೂ ಆಗಿಬರಲ್ಲ. ದಾಳಿಂಬೆ ಸಿಪ್ಪೆನಲ್ಲೂ ಅದೇ ಚೊಗರು ಇರೋದ್ರಿಂದ ನಿಮಗೂ ಹಂಗೇ ಆಗುತ್ತೆ. ಡ್ರಿಪ್ ಪೈಪಿಗೆ ಮಾತ್ರ ಚಾಕುನೇ ಬೇಡ, ಗಿಡ ಸವರೋ ಕತ್ತರಿ ಹೆಂಗೂ ತೋಟದಲ್ಲಿ ಇದ್ದೇ ಇರುತ್ತೆ, ಒಂದೇ ಸಲಕ್ಕೆ ನೇರ ಕಟ್ ಆಗುತ್ತೆ, ಜಾಯಿಂಟ್ ಹಾಕಿದ್ರೆ ಸೋರಲ್ಲ.

ಸಾಣೆ ಕಲ್ಲು

ಎಲ್ಲಾರೂ ಯಾವ ಮಾಡೆಲ್ ಅಂತ ಹೇಳ್ತಿದೀರಿ, ಯಾರೂ ಸಾಣೆ ಬಗ್ಗೆ ಮಾತಾಡ್ಲಿಲ್ಲ, ಅದಕ್ಕೆ ಬರೀತಿದೀನಿ. ನಮ್ಮಪ್ಪ ದಾವಣಗೆರೆಲಿ ಸೈಕಲ್ ಮೇಲೆ ಸಾಣೆ ಚಕ್ರ ಇಟ್ಕೊಂಡು ಬೀದಿ ಬೀದಿ ಸುತ್ತಿ ನಮ್ಮನ್ನ ಓದಿಸಿದ್ರು. ಅವರು ಹೇಳ್ತಿದ್ದದ್ದು, ಕೈ ಕೊಯ್ಯೋದು ಹರಿತ ಇರೋ ಚಾಕು ಅಲ್ಲ, ಮೊಂಡು ಚಾಕು. ಮೊಂಡಾದ್ರೆ ಜೋರಾಗಿ ಒತ್ತುತೀವಿ, ಒತ್ತಿದ್ರೆ ಜಾರುತ್ತೆ.

ದುರ್ಗದ ತಮ್ಮ, ಸ್ಟೀಲು ಎಷ್ಟು ಗಟ್ಟಿ ಐತಿ ಅಂತ ನೋಡಿ ಮರುಳಾಗಬೇಡ. ಸ್ವಿಸ್ ಚಾಕುವಿನ ಸ್ಟೀಲು ಗಟ್ಟಿತನ ಅಳೆಯೋ ರಾಕ್‌ವೆಲ್ ಲೆಕ್ಕದಲ್ಲಿ 56ರ ಆಸುಪಾಸು, ಮೆತ್ತನೇದೇ. ಬೇಗ ಮೊಂಡಾಗುತ್ತೆ, ಆದ್ರೆ ಮನೆ ಕಲ್ಲಲ್ಲಿ ಐದು ನಿಮಿಷಕ್ಕೆ ಮತ್ತೆ ಹರಿತ ಬರುತ್ತೆ. ಡಿ2 ಅಂತ ಸ್ಟೀಲ್ ಬರುತ್ತೆ, 60ರ ಹತ್ರ, ಹರಿತ ಬಹಳ ದಿನ ನಿಲ್ಲುತ್ತೆ, ಒಂದ್ಸಲ ಮೊಂಡಾಯ್ತು ಅಂದ್ರೆ ಸಾಮಾನ್ಯ ಕಲ್ಲಿಗೆ ಜಪ್ಪಯ್ಯ ಅನ್ನಲ್ಲ, ಒದ್ದೆ ಬಿಟ್ರೆ ತುಕ್ಕೂ ಹಿಡಿಯುತ್ತೆ. ಹೊಸಬರಿಗೆ ಮೆತ್ತನೇದೇ ಒಳ್ಳೇದು.

ಕಲ್ಲನ್ನ ನೀರಲ್ಲಿ ನೆನೆಸು, ಅಲಗಿನ ಬೆನ್ನು ಕಲ್ಲಿಂದ ಸ್ವಲ್ಪ ಮೇಲೆದ್ದಿರಬೇಕು, 15ರಿಂದ 20 ಡಿಗ್ರಿ. ಒಂದು ಕಡೆ ಉಜ್ಜಿದ ಮೇಲೆ ಇನ್ನೊಂದು ಕಡೆ ಅಂಚನ್ನ ಹೆಬ್ಬೆರಳಲ್ಲಿ ಅಡ್ಡ ಸವರಿ ನೋಡು, ಉದ್ದಕ್ಕೆ ಸವರಬೇಡ. ಕೂದಲೆಳೆಯಷ್ಟು ಸಣ್ಣ ತೊಡರು ಕೈಗೆ ತಾಗುತ್ತೆ, ಅದು ಬುಡದಿಂದ ತುದಿ ತನಕ ಬಂತು ಅಂದ್ರೆ ಆ ಕಡೆ ಕೆಲ್ಸ ಮುಗೀತು, ತಿರುಗಿಸಿ ಇನ್ನೊಂದು ಕಡೆ ಉಜ್ಜು. ಕೊನೆಗೆ ಹಳೇ ಬೆಲ್ಟಿನ ಒಳಮೈ ಮೇಲೆ ಹಿಂದಕ್ಕೆ ಎಳಿ, ಆ ತೊಡರು ಉದುರಿ ಹೋಗುತ್ತೆ. ಕಲ್ಲು ಇಲ್ಲ ಅಂದ್ರೆ ಪಿಂಗಾಣಿ ಕಪ್ ಬೋರಲು ಹಾಕು, ಬುಡದಲ್ಲಿ ಹೊಳಪಿಲ್ದೆ ಒರಟಾಗಿ ಒಂದು ಉಂಗುರ ಇರುತ್ತಲ್ಲ, ಅರ್ಜೆಂಟಿಗೆ ಅದೇ ಸಾಣೆ.

ಈ ಮೋಟ್ರು ಗ್ರೈಂಡರಿಗೆ ಮಾತ್ರ ಕೊಡಬೇಡ. ನೀರಿಲ್ದೆ ಒಣಗೇ ಉಜ್ಜಿದ್ರೆ ತೆಳು ಅಂಚು ಕಾದು ನೀಲಿ ಬಣ್ಣ ಬರುತ್ತೆ, ಅಲ್ಲಿಗೆ ಸ್ಟೀಲಿನ ಹದ ಹೋಯ್ತು. ಎಷ್ಟು ಸಾಣೆ ಹಿಡಿದ್ರೂ ಆ ಜಾಗದಲ್ಲಿ ಹರಿತ ನಿಲ್ಲಲ್ಲ. ಅಪ್ಪ ಅದಕ್ಕೇ ತಂಬಿಗೆ ನೀರು ಪಕ್ಕದಲ್ಲೇ ಇಟ್ಕೊಂಡು ಪೂರಾ ಟೈಮು ಅದ್ದುತ್ತಾ ಇರೋರು.

ದುರ್ಗದ ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಾಣೆ ಕಲ್ಲು ಅಣ್ಣ, ನಿಮ್ಮ ಮಾತು ಓದಿ ಮನೇಲಿರೋ ಈಳಿಗೆಮಣೆ ತೆಗೆದು ನೋಡಿದೆ, ಅಂಚಲ್ಲಿ ನೀಲಿ ಕಲೆ ಐತೆ, ಅಮ್ಮ ಹೋದ ವರ್ಷ ಗ್ರೈಂಡರಿಗೆ ಕೊಟ್ಟಿದ್ರಂತೆ. ಒಂದೇ ಡೌಟು, ಕಾನೂನು ಹೆಂಗೆ? ಬಸ್ಸಲ್ಲಿ ಹೋಗುವಾಗ ಚೆಕ್ ಮಾಡಿದ್ರೆ ತೊಂದ್ರೆ ಆಗುತ್ತಾ?

ಬೆಟ್ಟದ ದಾರಿ

2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಅಲಗು 9 ಇಂಚಿಗಿಂತ ಉದ್ದ ಇಲ್ಲಾ 2 ಇಂಚಿಗಿಂತ ಅಗಲ ಇದ್ರೆ ಆಯುಧದ ಲೆಕ್ಕಕ್ಕೆ ಬರುತ್ತೆ, ಮನೆಬಳಕೆ, ಬೇಸಾಯದ್ದು ಅದರಿಂದ ಹೊರಗೆ. ಜೋಬಿನ ಚಾಕು ಅದರ ಅರ್ಧನೂ ಇರಲ್ಲ. ಆದ್ರೂ ಬಸ್ಸಲ್ಲಿ ಬ್ಯಾಗಿನ ಒಳಗಿಡಿ, ಜನ ಇರೋ ಕಡೆ ಬಿಚ್ಚಿ ತೋರಿಸ್ಕೊಂಡು ಓಡಾಡ್ಬೇಡಿ, ಜಾತ್ರೆ ಮೆರವಣಿಗೆ ದಿನ ಮನೇಲೇ ಬಿಟ್ಟು ಹೋಗಿ. ವಿಮಾನದಲ್ಲಿ ಕೈಬ್ಯಾಗಿಗೆ ಹಾಕಿದ್ರೆ ಕಿತ್ಕೊಳ್ತಾರೆ, ಚೆಕ್‌ಇನ್ ಲಗೇಜಿಗೆ ಹಾಕ್ಬೇಕು. ಇನ್ನು ಕೋಟೆಗೆ ಹೋದಾಗ ಚಾಕು ಹೊರಗೆ ತೆಗೀಲೇಬೇಡಿ, ಬಂಡೆ ಮೇಲೆ ಹೆಸರು ಕೆತ್ತಿರೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ದುರ್ಗದ ಹುಡುಗ

ಸರಿ ಅಕ್ಕ. ನಿನ್ನೆ ಕುಂತ್ಕೊಂಡು ಹೋದ ತಿಂಗಳು ಚಾಕು ಬೇಕು ಅನ್ಸಿದ್ದು ಎಲ್ಲೆಲ್ಲಿ ಅಂತ ನೆನಪು ಮಾಡ್ಕೊಂಡೆ. ಗೊಬ್ಬರದ ಚೀಲದ ಹುರಿ, ಗಿಡದ ಒಣ ಕಡ್ಡಿ, ಕೈಗೆ ಮುಳ್ಳು, ಹಣ್ಣು, ಪಾರ್ಸೆಲ್ಲು. ಇಕ್ಕಳ ಬೇಕಾಗಿದ್ದು ಎರಡು ಸಲ, ಎರಡೂ ಸಲ ಬೈಕ್ ಹತ್ರನೇ ಇದ್ದೆ. ಹಂಗಾಗಿ ಹಂಟ್ಸ್‌ಮನ್ ಆರ್ಡರ್ ಮಾಡ್ತೀನಿ, ಬೈಕ್ ಸೀಟಿನ ಕೆಳಗೆ ಒಂದು ಒಳ್ಳೆ ಕಟಿಂಗ್ ಪ್ಲೇಯರ್ ಹಾಕಿಡ್ತೀನಿ, ಪೈಪಿಗೆ ಸವರೋ ಕತ್ತರಿ. ಡೂಪ್ಲಿಕೇಟ್ ಬಂದ್ರೆ ಕಂಡುಹಿಡಿಯೋದು ಹೆಂಗೆ?

ಬೆಟ್ಟದ ದಾರಿ

ದೊಡ್ಡ ಅಲಗಿನ ಬುಡದಲ್ಲಿ ವಿಕ್ಟೋರಿನಾಕ್ಸ್, ಸ್ವಿಸ್ ಮೇಡ್ ಅಂತ ಒತ್ತಿರ್ತಾರೆ, ಅಕ್ಷರ ಸ್ಪಷ್ಟ ಇರ್ಬೇಕು. ಒಂದೊಂದೇ ಬಿಚ್ಚಿ ಮಡಚಿ ನೋಡಿ, ಕೊನೇಲಿ ಟಕ್ ಅಂತ ಕೂರ್ಬೇಕು, ಎಡಕ್ಕೆ ಬಲಕ್ಕೆ ಅಲ್ಲಾಡಬಾರದು. ಬಂದ ಮೇಲೆ ಫೋಟೋ ಹಾಕಿ ಅಣ್ಣ.