ಸಹಾಯ ಬೇಕು: ಬಳ್ಳಾರಿಯಲ್ಲಿ ವಾಷ್ ಮಾಡದ ಜೀನ್ಸ್ ಎಲ್ಲಿ ಸಿಗುತ್ತದೆ?

ಗುಂಪಿನ ಸದಸ್ಯರೆಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮದುವೆಯೊಂದರ ನಿಮಿತ್ತ ಎರಡು ದಿನ ಬಳ್ಳಾರಿಯಲ್ಲಿರುತ್ತೇನೆ. ಜೀನ್ಸ್ ಹೊಲಿಗೆಗೆ ಹೆಸರಾದ ಊರಿನಿಂದ ಬರಿಗೈಯಲ್ಲಿ ಮರಳಲು ಮನಸ್ಸಿಲ್ಲದ ಕಾರಣ ಅಲ್ಲಿನವರ ಮಾರ್ಗದರ್ಶನ ಕೋರುತ್ತಿದ್ದೇನೆ.

ನನ್ನ ಸೊಂಟ 32 ಇಂಚು. ಆದರೆ ಸೈಕಲ್ ತುಳಿದು ಬಲಿತ ತೊಡೆಗಳಿಗೆ ಆ ಅಳತೆಯ ಸ್ಲಿಮ್ ಜೀನ್ಸ್ ಏರುವುದೇ ಇಲ್ಲ. 34 ಕೊಂಡರೆ ಬೆನ್ನ ಹಿಂದೆ ಸೊಂಟಪಟ್ಟಿ ಬಾಯಿ ಬಿಡುತ್ತದೆ. ಆದ್ದರಿಂದ ತೊಡೆಯಲ್ಲಿ ಸಡಿಲವಿದ್ದು, ಮೊಣಕಾಲಿನ ಕೆಳಗೆ ತುಸು ಕಿರಿದಾಗುವ, ಹಿಗ್ಗುವ ನೂಲು ಬೆರೆಸದ, ಚದರ ಗಜಕ್ಕೆ 13-14 ಔನ್ಸ್ ತೂಕದ ಹತ್ತಿಯ ಡೆನಿಮ್ ಹುಡುಕುತ್ತಿದ್ದೇನೆ. ಹೊಲಿದ ಜೀನ್ಸನ್ನು ಒಗೆದು ಬಣ್ಣ ಮಾಸಿಸುವ ವಾಷಿಂಗ್ ಘಟಕಕ್ಕೆ ಹೋಗುವ ಮೊದಲೇ, ಗಾಢ ನೀಲಿ ಮಾಸದಿರುವಾಗ, ಒಂದೇ ಒಂದು ಜೀನ್ಸನ್ನು ಚಿಲ್ಲರೆಯಾಗಿ ಕೊಡುವ ಹೊಲಿಗೆ ಘಟಕ ಅಥವಾ ಅಂಗಡಿ ಇದೆಯೇ?

ಇನ್ನೊಂದು ಪ್ರಶ್ನೆ ಉದ್ದ ಕತ್ತರಿಸುವ ಬಗ್ಗೆ. ವಾಷ್ ಆಗದ ಬಟ್ಟೆ ನೀರು ಕಂಡೊಡನೆ ಕುಗ್ಗುತ್ತದೆಂದು ತಿಳಿಯದೆ, ಕಳೆದ ವರ್ಷ ಬೆಂಗಳೂರಿನ ಟೇಲರೊಬ್ಬರಲ್ಲಿ ಒಗೆಯುವ ಮೊದಲೇ ಉದ್ದ ಕಡಿಮೆ ಮಾಡಿಸಿದ್ದೆ. ಎರಡು ಒಗೆತದ ನಂತರ ಅದು ಹಳ್ಳ ದಾಟುವವನ ಪ್ಯಾಂಟಿನಂತಾಯಿತು (ಮನೆಯವರ ನಗು ಇನ್ನೂ ನಿಂತಿಲ್ಲ). ಈ ಬಾರಿ ಮೊದಲು ನೆನೆಸಿ ಒಣಗಿಸಿಯೇ ಕತ್ತರಿಸುತ್ತೇನೆ. ಅಂಚಿಗೆ ಚೈನ್ ಸ್ಟಿಚ್ (ಸರಪಳಿಯಂತೆ ಕೊಂಡಿಗೂಡುವ ಹೊಲಿಗೆ) ಹಾಕುವ ಯಂತ್ರವುಳ್ಳ ಟೇಲರ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಈ ಜೀನ್ಸ್ ಜೊತೆ ಗುಳೇದಗುಡ್ಡ ಖಣದ ವೇಸ್ಟ್‌ಕೋಟ್ ತೊಡುವ ಯೋಚನೆಯಿದೆ. ಒಳಗಿನ ಬಿಳಿ ಅಂಗಿಗೆ ನೀಲಿ ಬಣ್ಣ ಹತ್ತದಂತೆ ಏನು ಮಾಡುತ್ತೀರಿ?