ಪದಚರ್ಚೆ: ಒಂದೇ ಹೆಸರು ಹೊತ್ತ ಹಲವರ ಪಟ್ಟಿಗೆ ತಲೆಬರಹ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.

ನಾಮಕೋಶವೊಂದರ ಕರಡು ತಿದ್ದುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. 'ಮಡಿವಾಳ'ದ ಹತ್ತಿರ ಬಂದು ಗಾಡಿ ನಿಂತಿದೆ. ಆ ಹೆಸರಿನ ಕೆಳಗೆ ಬಟ್ಟೆ ಒಗೆಯುವ ಕಸುಬು, ಆ ಸಮುದಾಯ, 12ನೇ ಶತಮಾನದ ವಚನಕಾರ ಮಡಿವಾಳ ಮಾಚಿದೇವ, ತತ್ವಪದಗಳ ಕಡಕೋಳ ಮಡಿವಾಳಪ್ಪ, ಬೆಂಗಳೂರಿನ ಬಡಾವಣೆ, ಅಲ್ಲಿಯ ಕೆರೆ, ಕೊನೆಗೆ ಮಡಿವಾಳ ಹಕ್ಕಿ, ಇಷ್ಟೂ ಸಾಲಾಗಿ ಕೂತಿವೆ. ಓದುವವರು ತಮಗೆ ಬೇಕಾದ ಪುಟ ಹುಡುಕಿಕೊಳ್ಳಲಿ ಎಂದು ಮಾಡಿದ ಪಟ್ಟಿ. ಇದರ ನೆತ್ತಿಯ ಮೇಲೆ ಏನು ಬರೆಯಲಿ?

ಕನ್ನಡ ವಿಕಿಪೀಡಿಯದಲ್ಲಿ ಇಂಥ ಪುಟಕ್ಕೆ 'ದ್ವಂದ್ವ ನಿವಾರಣೆ' ಎನ್ನುತ್ತಾರೆ. ನನಗೆ ಯಾಕೋ ಅದು ಗಂಟಲಲ್ಲಿ ಇಳಿಯುತ್ತಿಲ್ಲ. ಮೂರು ನಾಲ್ಕು ಪದದೊಳಗೆ ಮುಗಿಯಬೇಕು. ದಯವಿಟ್ಟು ಬೇಗ ತಿಳಿಸಿ.

— ಕರಡುಗಣ್ಣು

*

ದ್ವಂದ್ವ ಎಂದರೆ ಜೋಡಿ. ನಿಮ್ಮಲ್ಲಿ ಏಳಿವೆ. ದ್ವಂದ್ವ ಸಮಾಸದಲ್ಲಿ ಎರಡಕ್ಕಿಂತ ಹೆಚ್ಚು ಪದ ಬರುವುದಿಲ್ಲವೇ ಎಂದು ಯಾರೋ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಪದಗಳು ಕೂಡುತ್ತವೆ, ಇಲ್ಲಿ ಬಿಡಿಸಬೇಕು.

'ನಾನಾರ್ಥ' ಎಂದು ಹಾಕಿ. ಅಮರಕೋಶದ ಮೂರನೇ ಕಾಂಡದಲ್ಲಿ ನಾನಾರ್ಥವರ್ಗವೇ ಇದೆ. ಇದ್ದ ಪದ ಬಿಟ್ಟು ಹೊಸದು ಟಂಕಿಸುವ ಚಟ ಯಾಕೋ ತಿಳಿಯದು.

— ಹಳೆಯೋಲೆ

*

ಹಳೆಯೋಲೆಯವರೇ, ನಾನಾರ್ಥ ಪದಕ್ಕೆ ಇರುತ್ತದೆ. ಮಾಚಿದೇವ 'ಮಡಿವಾಳ'ದ ಅರ್ಥವೇ? ಕೆರೆ ಅದರ ಅರ್ಥವೇ?

ನನ್ನ ಸಲಹೆ 'ಒಂಬೆಸರು'. ಒಂದು, ಪತ್ತು ಸೇರಿ ಒಂಬತ್ತು ಆದ ಹಾಗೆ ಒಂದು, ಪೆಸರು ಸೇರಿ ಒಂಬೆಸರು. ದಯವಿಟ್ಟು 'ಹೆಸರು ನಿವಾರಣೆ' ತರಹ ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ ಮಾತ್ರ ಬೇಡ. ನಮ್ಮದೇ ಬೇರಿನಿಂದ ಚಿಗುರು ಬರುವಾಗ ಸಂಸ್ಕೃತದ ಬಾಗಿಲಲ್ಲಿ ಹೋಗಿ ನಿಲ್ಲುವುದು ಯಾಕೆ?

— ನುಡಿಬೇರು

*

ಒಂಬತ್ತು ಎಂದರೆ ಹತ್ತಕ್ಕೆ ಒಂದು ಕಡಿಮೆ. ಒಂಬೆಸರು ಎಂದರೆ ಏನು, ಹೆಸರಿಗೆ ಒಂದು ಕಡಿಮೆಯೇ? ಸಾಲದ್ದಕ್ಕೆ ಪೆಸರು ಎಂದರೆ ಹೆಸರುಕಾಳೂ ಹೌದು. ಮೊದಲು ನಿಮ್ಮ ಪದಕ್ಕೇ ಒಂದು ಪಟ್ಟಿ ಮಾಡಬೇಕಾಗುತ್ತದೆ.

— ಹಳೆಯೋಲೆ

*

ತಲೆಬರಹದ ವಿಷಯ ನೀವು ನೀವೇ ಬಗೆಹರಿಸಿಕೊಳ್ಳಿ. ಮಡಿವಾಳ ಪದ ಎಲ್ಲಿಂದ ಬಂತು ಎಂದು ಯಾರೂ ಹೇಳಲಿಲ್ಲವಲ್ಲ! ಅದು 'ಮಡಿಪಾಲ'. ಮಡಿಯನ್ನು ಪಾಲಿಸುವವನು. ಗೋಪಾಲ ಇದ್ದ ಹಾಗೆ. ಇದೇ ಮಡಿ ಮಡಿಕೇರಿಯಲ್ಲೂ ಇದೆ, ಗಮನಿಸಿ.

— ಪದಬೇಟೆ

*

ಎರಡೂ ತಪ್ಪು. ಹಳೆಯ ರೂಪ ಮಡಿವಳ. 'ವಳ' ತದ್ಧಿತ ಪ್ರತ್ಯಯ. ಪಡೆವಳ (ದಂಡನಾಯಕ), ಹಡಪವಳ (ಎಲೆಯಡಿಕೆ ಚೀಲ ಹಿಡಿಯುವವನು) ನೋಡಿ. ಅಲ್ಲೂ ಪಾಲ ಹುಡುಕುತ್ತೀರಾ? ಮಡಿಕೇರಿ ಮುದ್ದುರಾಜನ ಕೇರಿ, ಅವನು 1681ರಲ್ಲಿ ಹಾಲೇರಿಯಿಂದ ರಾಜಧಾನಿ ಅಲ್ಲಿಗೆ ತಂದ. ಅಲ್ಲಿ ಯಾರ ಬಟ್ಟೆಯೂ ಒಗೆದಿಲ್ಲ.

ಕರಡುಗಣ್ಣು ಅವರೇ, 'ಅಗಸ' ನಿಮ್ಮ ಕೋಶದಲ್ಲಿದ್ದರೆ ಅಲ್ಲಿಂದ 'ಅಸಗ'ಕ್ಕೂ ದಾರಿ ತೋರಿಸಿ. ಅಕ್ಷರ ಹಿಂದುಮುಂದಾದದ್ದು ಅಷ್ಟೇ. 9ನೇ ಶತಮಾನದಲ್ಲಿ ಸಂಸ್ಕೃತದ ವರ್ಧಮಾನಚರಿತ ಬರೆದ ಕವಿಯ ಹೆಸರೂ ಅಸಗ. ಪೊನ್ನ ತಾನು ಕನ್ನಡ ಕವಿತೆಯಲ್ಲಿ ಅಸಗನಿಗೆ ನೂರ್ಮಡಿ ಎಂದು ಬೀಗಿದ್ದು ಈ ಅಸಗನಿಗೆ ತನ್ನನ್ನು ಹೋಲಿಸಿಕೊಂಡೇ. (ನೂರ್ಮಡಿಯ ಮಡಿ ಬೇರೆ, ಸೊಪ್ಪಿನ ಮಡಿ ಬೇರೆ, ಯುದ್ಧದಲ್ಲಿ ಮಡಿದ ಮಡಿ ಇನ್ನೂ ಬೇರೆ. ಪದಬೇಟೆಯವರು ದಯವಿಟ್ಟು ಸುಮ್ಮನಿರಿ.)

— ಹಳೆಯೋಲೆ

*

ಇಷ್ಟು ದಿನ ಬರೀ ಓದುತ್ತಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ನಮ್ಮದು ಇದೇ ಕಸುಬಿನ ಮನೆ. ನಮ್ಮಜ್ಜನ ಹತ್ತಿರ ಹತ್ತಾರು ಮನೆಯ ಬಿಳಿ ಪಂಚೆ ಬರುತ್ತಿದ್ದವು. ಎಲ್ಲ ಒಂದೇ ಅಳತೆ, ಒಂದೇ ಅಂಚು. ಒಟ್ಟಿಗೇ ಉಬ್ಬೆಗೆ (ಆವಿಯಲ್ಲಿ ಬೇಯಿಸೋಕೆ) ಹಾಕಬೇಕು, ಯಾರದ್ದು ಯಾರಿಗೆ ಅಂತ ಹೇಗೆ ಕೊಡೋದು? ಕರಿಗೇರಿನ ಕಾಯಿಗೆ ಸೂಜಿ ಚುಚ್ಚಿ, ತುದಿಗೆ ಅಂಟಿದ ರಸದಲ್ಲಿ ಬಟ್ಟೆಯ ಮೂಲೆಗೆ ಚುಕ್ಕೆಯೋ ಗೀಟೋ ಇಡೋರು. ಒಂದು ಮನೆಗೆ ಮೂರು ಚುಕ್ಕೆ, ಇನ್ನೊಂದಕ್ಕೆ ಎರಡು ಚುಕ್ಕೆ ಒಂದು ಗೀಟು. ಮೇಲೆ ಸುಣ್ಣ ಸವರಿದರೆ ಕಪ್ಪು ಕೂತುಬಿಡುತ್ತೆ, ಬೇಯಿಸಿದರೂ ಹೋಗಲ್ಲ. ಕೈಗೆ ತಾಗಿದರೆ ಬೊಬ್ಬೆ ಏಳುತ್ತೆ, ಅದಕ್ಕೇ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ.

ಅದಕ್ಕೆ ನಮ್ಮಲ್ಲಿ ಇದ್ದ ಮಾತು 'ಗುರುತು'. "ಗುರುತು ನೋಡಿ ಮಡಚೋ" ಅಂತ ಬೈಸಿಕೊಂಡೇ ಬೆಳೆದವನು ನಾನು. ಕರಡುಗಣ್ಣು ಮೇಡಂ ಮಾಡುತ್ತಿರೋದೂ ಅದೇ ಕೆಲಸ ತಾನೆ?

— ಮೂರುಚುಕ್ಕೆ

*

ಸೊಗಸಾದ ಮಾತು ಮೂರುಚುಕ್ಕೆಯವರೇ. ನೋಡಿ, ದುಡಿಯುವ ಜನರ ಬಾಯಲ್ಲಿ ಪದ ತಾನಾಗಿ ಇರುತ್ತದೆ, ಯಾವ ನುಡಿಯಿಂದಲೂ ಸಾಲ ತರಬೇಕಿಲ್ಲ ಎಂದು ನಾನು ಬಡಕೊಳ್ಳುತ್ತಿರುವುದು ಇದನ್ನೇ.

— ನುಡಿಬೇರು

*

ಅದೇ ದುಡಿಯುವ ಜನರ ಕೈಯಲ್ಲಿರುವ ಇಸ್ತ್ರಿ, ಸಾಬೂನು ಯಾವ ಬೇರಿನವು? ಒಗೆಯುವವರಿಗೆ ಇಲ್ಲದ ಮಡಿ ಬರೆಯುವವರಿಗೆ ಯಾಕೆ? ಅವರು ಬೇಕಾದ್ದನ್ನು ತಂದುಕೊಂಡರು, ಬಳಸಿದರು, ತಮ್ಮದು ಮಾಡಿಕೊಂಡರು. 'ನಿವಾರಣೆ' ಮಾತ್ರ ನಿಮಗೆ ಮೈಲಿಗೆ.

— ಪದಬೇಟೆ

*

ಬಳಸಿ ಪಳಗಿದ ಇಸ್ತ್ರಿ ಬೇರೆ, ಇವತ್ತು ಬೆಳಿಗ್ಗೆ ಯಾರೋ ಕೂತು ಹೊಲಿದ 'ದ್ವಂದ್ವ ನಿವಾರಣೆ' ಬೇರೆ. ಈ ವ್ಯತ್ಯಾಸ ತಿಳಿಯದವರ ಜತೆ ವಾದವಿಲ್ಲ.

— ನುಡಿಬೇರು

*

ಒಂಬೆಸರನ್ನು ಯಾರು ಯಾವಾಗ ಹೊಲಿದರೋ.

— ಪದಬೇಟೆ

*

ಎಲ್ಲರಿಗೂ ವಂದನೆ. ಹೊತ್ತಾಗುತ್ತಿದೆ. ಸರಳವಾಗಿ 'ಇದೇ ಹೆಸರಿನವು' ಎಂದು ಹಾಕಿ ಕಳಿಸಲೇ?

— ಕರಡುಗಣ್ಣು

*

'ಹೆಸರಿನವು'? ಕಲಿದೇವರದೇವಾ ಎಂದು ವಚನ ನುಡಿದ ಶರಣನನ್ನು ಕೆರೆ, ಹಕ್ಕಿಗಳ ಪಕ್ಕ ನಪುಂಸಕದಲ್ಲಿ ಕೂರಿಸುತ್ತೀರಾ? 'ಹೆಸರಿನವರು' ಎಂದರೆ ಕೆರೆಗೆ ಬಹುವಚನದ ಗೌರವ ಕೊಟ್ಟಂತೆ. ಕನ್ನಡದಲ್ಲಿ ಜನವನ್ನೂ ಜಾಗವನ್ನೂ ಒಂದೇ ಸರ್ವನಾಮದಲ್ಲಿ ಕಟ್ಟಲು ಬರುವುದಿಲ್ಲ. ನಿಮ್ಮ ನಿಜವಾದ ತೊಡಕು ಇದು, ದ್ವಂದ್ವವಲ್ಲ. ಸರ್ವನಾಮವನ್ನೇ ಬಿಡಿ.

— ಹಳೆಯೋಲೆ

*

ಸರಿ, ಬಿಟ್ಟೆ. 'ಹೆಸರು ಒಂದೇ, ಗುರುತು ಬೇರೆ' ಎಂದು ಹಾಕಿದ್ದೇನೆ. ಒಂದೇ ಸಾಲಿನಲ್ಲಿ ಕೂತಿತು. 'ಹಳ್ಳಿ', 'ರಾಮ', 'ಗೌಡ' ಪಟ್ಟಿಗಳ ಮೇಲೂ ಇಟ್ಟು ನೋಡಿದೆ, ಎಲ್ಲೂ ಎಡವಲಿಲ್ಲ. ಮೂರುಚುಕ್ಕೆಯವರಿಗೆ ಋಣಿ. ಹಕ್ಕಿಯ ಹತ್ತಿರ ಮಾತ್ರ ಇನ್ನೊಂದು ಅನುಮಾನ ಉಳಿದಿದೆ: ಕಪ್ಪು ಮೈಗೆ ಬಿಳಿ ಪಟ್ಟೆ ಇರುವುದಕ್ಕೇ ಅದಕ್ಕೆ ಮಡಿವಾಳ ಎಂದರೇ? ಬಲ್ಲವರಿದ್ದರೆ ಬೇರೆ ಓಲೆಯಲ್ಲಿ ಬರೆಯಿರಿ, ಇಲ್ಲಿ ಬೇಡ.

— ಕರಡುಗಣ್ಣು

*

ಗುರಿ, ಗುರುತು ಒಂದೇ ಬೇರಿನವು. ಅಚ್ಚಗನ್ನಡ. ನಾನು ಮೊದಲಿನಿಂದ ಹೇಳಿದ್ದೂ ಇದನ್ನೇ.

— ನುಡಿಬೇರು

*

ನೀವು ಹೇಳಿದ್ದು ಒಂಬೆಸರು.

— ಹಳೆಯೋಲೆ