ಸಿರಿಂಜಿನ ಒಳಗೆ ಹಚ್ಚುವ ಎಣ್ಣೆ: ಲೇಪವೋ, ಕೀಲೆಣ್ಣೆಯೋ, ಪಸೆಯೋ?

ಗೆಳೆಯರೇ, ನಮಸ್ಕಾರ.

ಒಂದು ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ಬೆಂಗಳೂರಿನ ಹೊರವಲಯದ ಒಂದು ಔಷಧಿ ಕಾರ್ಖಾನೆಯವರು ಕೆಲಸಗಾರರ ತರಬೇತಿ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡಿ ಅಂದಿದ್ದಾರೆ. ಮದ್ದು ತುಂಬಿಕೊಂಡೇ ಬರುವ ಗಾಜಿನ ಸಿರಿಂಜ್ ಇರುತ್ತಲ್ಲ, ಅದಕ್ಕೆ ಮದ್ದು ತುಂಬುವ ಮೊದಲೇ ಒಳಗೋಡೆಗೆ ಸಿಲಿಕೋನ್ ಎಣ್ಣೆ ಹಚ್ಚಿರುತ್ತಾರೆ. ರಬ್ಬರ್ ಬಿರಡೆ ಗಾಜಿನ ಮೇಲೆ ಸಲೀಸಾಗಿ ಜಾರಲಿ ಅಂತ. ಮೂಲದಲ್ಲಿ ಅದಕ್ಕೆ ‘ಲೂಬ್ರಿಕೆಂಟ್ ಕೋಟಿಂಗ್’ ಅಂತಿದೆ. ನಾನು ಮೊದಲು ಕಣ್ಣು ಮುಚ್ಚಿಕೊಂಡು ‘ಸ್ನೇಹಕ ಲೇಪನ’ ಅಂತ ಬರೆದೆ. ಮಾರನೇ ದಿನ ಓದಿದರೆ ನನಗೇ ಅರ್ಥವಾಗಲಿಲ್ಲ. ಸ್ನೇಹ ಅಂದರೆ ಎಣ್ಣೆ ಅನ್ನುವುದು ಆಯುರ್ವೇದ ಓದಿದವರಿಗೆ ಗೊತ್ತು. ಮಷಿನ್ ಮುಂದೆ ನಿಂತ ಹುಡುಗನಿಗೆ ಸ್ನೇಹಕ ಅಂದರೆ ಯಾರೋ ಫ್ರೆಂಡ್ ಇರಬೇಕು ಅನ್ನಿಸುತ್ತದೆ ಅಷ್ಟೆ.

ಆಮೇಲೆ ‘ಕೀಲೆಣ್ಣೆ’ ನೆನಪಾಯಿತು. ಎಂಥ ಒಳ್ಳೆ ಪದ ಅಲ್ವಾ? ನಮ್ಮ ಅಜ್ಜನ ಗಾಡಿಯ ಕೆಳಗೆ ಒಂದು ಬಿದಿರಿನ ಗೊಟ್ಟ ನೇತಾಡುತ್ತಿತ್ತು. ಅದರಲ್ಲಿ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಇಟ್ಟಿರುತ್ತಿದ್ದರು. ಚಕ್ರ ಕಿರ್ರೆಂದರೆ ಅಚ್ಚಿಗೆ ಅದನ್ನು ಹಚ್ಚುತ್ತಿದ್ದರು. (ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆಗೂ ಗೊಟ್ಟ ಅಂತಲೇ ಹೆಸರು. ಒಂದು ಲೆಕ್ಕಕ್ಕೆ ಅದೂ ಮದ್ದಿನ ಸಿರಿಂಜೇ.) ಕೀಲೆಣ್ಣೆ ಅಂತ ಹಾಕಿ ಒಂದು ಪುಟ ಕಳಿಸಿದೆ. ಅಲ್ಲಿನ ಸೂಪರ್‌ವೈಸರ್ ಫೋನ್ ಮಾಡಿ, "ಸಾರ್, ಇಂಜೆಕ್ಷನ್‌ಗೆ ಕೀಲೆಣ್ಣೆ ಹಾಕ್ತಾರೆ ಅಂತ ಹೊರಗೆ ಗೊತ್ತಾದ್ರೆ ನಮ್ಮ ಕಥೆ ಮುಗೀತು" ಅಂದರು. ನಗು ಬಂತು. ಆದರೆ ಅವರು ಹೇಳಿದ್ದು ನಿಜ. ಕೀಲೆಣ್ಣೆ ಅಂದಕೂಡಲೇ ಕಣ್ಣಿಗೆ ಬರುವುದು ಕಪ್ಪು ಜಿಡ್ಡು.

ಹಾಗಾದರೆ ನೀವು ಅಲ್ಲಿ ಏನಂತೀರಿ ಅಂತ ಕೇಳಿದೆ. "ನಾವು ಸಿಲಿಕಾನ್ ಹೊಡಿಯೋದು ಅಂತೀವಿ." ಬಣ್ಣ ಹೊಡೆದ ಹಾಗೆ, ಹೊಲಕ್ಕೆ ಔಷಧಿ ಹೊಡೆದ ಹಾಗೆ. ಕ್ರಿಯಾಪದ ಸರಿಯಾಗಿಯೇ ಇದೆ. ಏಕೆಂದರೆ ನಿಜಕ್ಕೂ ಒಂದು ಸಣ್ಣ ನಾಜಲ್ ಸಿರಿಂಜಿನ ಒಳಗಿಳಿದು ಎಣ್ಣೆಯನ್ನು ಸಿಂಪಡಿಸುತ್ತದೆ. ನಾಮಪದ ಮಾತ್ರ ತಪ್ಪು. ಸಿಲಿಕಾನ್ ಅನ್ನುವುದು ಮೂಲವಸ್ತು, ಕಂಪ್ಯೂಟರ್ ಚಿಪ್ ಮಾಡುವುದು ಅದರಿಂದ. ನಮ್ಮೂರನ್ನು ಸಿಲಿಕಾನ್ ಸಿಟಿ ಅನ್ನುವುದೂ ಅದಕ್ಕೇ. ಸಿಲಿಕೋನ್ ಅನ್ನುವುದು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿಗೆ ಇಂಗಾಲದ ಗುಂಪುಗಳು ಅಂಟಿಕೊಂಡ ಬೇರೆಯದೇ ವಸ್ತು. ಹಾರ್ಡ್‌ವೇರ್ ಅಂಗಡಿಯ ‘ಸಿಲಿಕಾನ್ ಗಮ್’ ಕೂಡ ನಿಜವಾಗಿ ಸಿಲಿಕೋನೇ. ಒಂದು ‘ಆ’ಕಾರ, ಒಂದು ‘ಓ’ಕಾರ. ಕೈಪಿಡಿಯಲ್ಲಿ ನಾನು ‘ಸಿಲಿಕೋನ್’ ಅಂತಲೇ ಹಟ ಹಿಡಿದಿದ್ದೇನೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಅದು ‘ಲೇಪ’ದ ಮೇಲೆ.

ಲೇಪ ಅಂದರೆ ನಮಗೆ ಗಂಧದ ಲೇಪ, ಅರಿಸಿನದ ಲೇಪ. ಮಂದವಾಗಿ ಹಚ್ಚಿದ್ದು, ಹಚ್ಚಿದಲ್ಲೇ ಕೂತು ಒಣಗುವುದು. ಸಿರಿಂಜಿನ ಎಣ್ಣೆ ಹಾಗಲ್ಲ. 1 ಮಿಲಿಲೀಟರ್ ಸಿರಿಂಜಿನ ಒಳಗೆ ಇರುವ ಎಣ್ಣೆ ಸಾಮಾನ್ಯವಾಗಿ ಅರ್ಧ ಮಿಲಿಗ್ರಾಂ ಆಸುಪಾಸು. ಒಂದು ಸಾಸಿವೆ ಕಾಳೂ ಅದಕ್ಕಿಂತ ಭಾರ. ಖಾಲಿ ಬಂದು, ಆಮೇಲೆ ಕೈಯಿಂದ ಮದ್ದು ತುಂಬಿಕೊಳ್ಳುವ ಪ್ಲಾಸ್ಟಿಕ್ ಸಿರಿಂಜಿಗೂ ಮಿತಿ ಇದೆ. ಐಎಸ್‌ಒ 7886 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಳಮೈಯ ಒಂದು ಚದರ ಸೆಂಟಿಮೀಟರಿಗೆ 0.25 ಮಿಲಿಗ್ರಾಂ ಮೀರಬಾರದು. ಇಷ್ಟು ತೆಳು ಅನ್ನುವುದು ಒಂದು. ಅದಕ್ಕಿಂತ ದೊಡ್ಡ ವಿಷಯ, ಅದು ಕೂತಲ್ಲಿ ಕೂರುವುದಿಲ್ಲ. ಎಣ್ಣೆ ಎಣ್ಣೆಯಾಗಿಯೇ ಇರುತ್ತದೆ. ನಿಧಾನಕ್ಕೆ ಜರುಗುತ್ತದೆ, ಸಣ್ಣ ಹನಿಯಾಗಿ ಬಿಟ್ಟು ಮದ್ದಿನೊಳಗೂ ಸೇರುತ್ತದೆ. 1980 ರ ದಶಕದಲ್ಲಿ ಸಿರಿಂಜಿನ ಈ ಎಣ್ಣೆ ಸೇರಿ ತಿಳಿಯಾದ ಇನ್ಸುಲಿನ್ ಮಬ್ಬಾಗುತ್ತದೆ ಅನ್ನುವ ವರದಿಗಳು ವೈದ್ಯ ಪತ್ರಿಕೆಗಳಲ್ಲಿ ಬಂದವು. ಪ್ರೋಟೀನಿನ ಮದ್ದುಗಳಿಗೆ ಇದು ಇವತ್ತಿಗೂ ತಲೆನೋವು. ಪ್ರೋಟೀನು ಎಣ್ಣೆಹನಿಯ ಮೈಗೆ ಹತ್ತಿಕೊಳ್ಳುತ್ತದೆ, ಕುಲುಕಿದರೆ ಗಂಟು ಕಟ್ಟುತ್ತದೆ. ಕಣ್ಣಿನೊಳಗೆ ಚುಚ್ಚುವ ಮದ್ದಿನಲ್ಲಿ ಈ ಹನಿ ಹೋದರೆ ರೋಗಿಗೆ ಕಣ್ಣ ಮುಂದೆ ಚುಕ್ಕೆ ತೇಲಿದ ಹಾಗೆ ಕಾಣುತ್ತದೆ. ‘ಲೇಪ’ ಅಂತ ಬರೆದರೆ ಓದಿದವನು ಅದು ಅಂಟಿಕೊಂಡಿದೆ, ಮದ್ದಿಗೆ ಬರುವುದಿಲ್ಲ ಅಂತ ನಂಬಿಬಿಡುತ್ತಾನೆ.

ಅಡುಗೆಮನೆಯಲ್ಲಿ ಉತ್ತರ ಸಿಕ್ಕಿತು ಅಂದುಕೊಂಡಿದ್ದೇನೆ. ಹಲಸಿನ ಹಣ್ಣು ಬಿಡಿಸುವ ಮೊದಲು ಅಂಗೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಒಂದು ಹನಿ ಸಾಕು, ಮಯಣ ಹಿಡಿಯುವುದಿಲ್ಲ. ಆಗ ಕೈ ಮೇಲೆ ಉಳಿಯುವುದಕ್ಕೆ ನಮ್ಮ ಮನೆಯಲ್ಲಿ ‘ಎಣ್ಣೆಪಸೆ’ ಅನ್ನುತ್ತಾರೆ. ಕಾವಲಿಯಲ್ಲಿ ಪಸೆ ಇರಬೇಕು, ಎಣ್ಣೆ ನಿಲ್ಲಬಾರದು. ಪಸೆ ಅಂದರೇ ಇದ್ದೂ ಇಲ್ಲದ ಹಾಗೆ ಇರುವುದು, ಆರಿ ಹೋಗಬಹುದಾದದ್ದು. ಬಾಯಿಯ ಪಸೆ ಆರಿತು ಅನ್ನುವುದಿಲ್ಲವೇ? ‘ಜಿಡ್ಡು’ ಅನ್ನುವುದರಲ್ಲಿ ಇರುವ ಹೇಸಿಗೆ ಇದರಲ್ಲಿಲ್ಲ. ಹಾಗಾಗಿ ಸಿಂಪಡಿಸಿದ ಎಣ್ಣೆಗೆ ‘ಒಳಪಸೆ’ ಅಂತ ಇಟ್ಟಿದ್ದೇನೆ.

ಪಸೆ ಆರುತ್ತದೆ ಅನ್ನುವ ಮಾತು ಇಲ್ಲಿ ಅಕ್ಷರಶಃ ಹೊಂದುತ್ತದೆ. ಅಮ್ಮನ ಮಂಡಿ ಆಪರೇಷನ್ ಆದಾಗ ರಕ್ತ ಹೆಪ್ಪುಗಟ್ಟದ ಹಾಗೆ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಹತ್ತು ದಿನ ನಾನೇ ಚುಚ್ಚಿದೆ. ಹೆಬ್ಬೆರಳಿನಿಂದ ಒತ್ತಿದರೆ ಮೊದಲು ಅಲ್ಲಾಡುವುದೇ ಇಲ್ಲ. ಇನ್ನೊಂಚೂರು ಒತ್ತಿದರೆ ಟಕ್ ಅಂತ ಬಿಟ್ಟುಕೊಂಡು ಸರಸರನೆ ಹೋಗುತ್ತದೆ. ಮೊದಲ ದಿನ ಕೈ ನಡುಗಿತ್ತು, "ಮೆತ್ತಗೋ ಮಗಾ" ಅಂದರು ಅಮ್ಮ. ಆಗ ಕಾರಣ ಗೊತ್ತಿರಲಿಲ್ಲ. ಸಿರಿಂಜ್ ತಿಂಗಳುಗಟ್ಟಲೆ ಸುಮ್ನೆ ಕೂತಾಗ ರಬ್ಬರಿನ ಒತ್ತಡಕ್ಕೆ ಅದು ತಾಗಿದ ಜಾಗದ ಎಣ್ಣೆ ಪಕ್ಕಕ್ಕೆ ಸರಿದು ಹೋಗಿರುತ್ತದೆ. ಪಸೆ ಆರಿದ ಆ ಜಾಗದಲ್ಲಿ ರಬ್ಬರು ಗಾಜನ್ನು ಕಚ್ಚಿಕೊಳ್ಳುತ್ತದೆ. ಇದನ್ನು ಬಿಡಿಸಲು ಬೇಕಾದ ‘ಬ್ರೇಕ್‌ಲೂಸ್ ಫೋರ್ಸ್’ಗೆ ‘ಕಚ್ಚು ಬಿಡಿಸುವ ಬಲ’ ಅಂತಲೂ, ಆಮೇಲಿನ ಓಟಕ್ಕೆ ‘ಜಾರುಬಲ’ ಅಂತಲೂ ಬರೆದಿದ್ದೇನೆ. ತುಕ್ಕು ಹಿಡಿದ ನಟ್ಟು ಕಚ್ಚಿಕೊಂಡಿದೆ ಅಂತ ಗ್ಯಾರೇಜಿನಲ್ಲಿ ಹೇಳುವುದೇ ಇದು. ಈ ಪದ ಸೂಪರ್‌ವೈಸರಿಗೆ ಒಂದೇ ಸಲಕ್ಕೆ ಹಿಡಿಸಿತು.

ಇನ್ನೂ ಒಂದು ತೊಡಕು ಉಳಿದಿದೆ. ಎಲ್ಲ ಒಳಹೊದಿಕೆಯೂ ಪಸೆಯಲ್ಲ. ಕೆಲವು ಗಾಜಿನ ಕೊಳವೆಗೆ ಸಿಲಿಕೋನನ್ನು ನೀರಿನಲ್ಲಿ ಕಲಸಿ ಸಿಂಪಡಿಸಿ, 300 ಡಿಗ್ರಿ ಆಸುಪಾಸಿನ ಕಾವಿನಲ್ಲಿ ಬೇಯಿಸುತ್ತಾರೆ. ಆಗ ಅದು ಗಾಜಿಗೆ ಕಚ್ಚಿ ಕೂರುತ್ತದೆ, ಎಣ್ಣೆಯೂ ಹತ್ತರಲ್ಲಿ ಒಂದು ಪಾಲು ಸಾಕು. (ಸೂಜಿ ಅಂಟಿಸಿಯೇ ಬರುವ ಸಿರಿಂಜಿಗೆ ಇದು ಆಗುವುದಿಲ್ಲ, ಸೂಜಿಯ ಅಂಟು ಆ ಕಾವು ತಡೆಯುವುದಿಲ್ಲ.) ಮದ್ದಿನ ಕೆಲವು ಸೀಸೆಗಳ ಒಳಗೆ ಸಿಲಿಕಾನ್ ಡೈಆಕ್ಸೈಡಿನ ತೆಳು ಪದರವೂ ಇರುತ್ತದೆ. ಅದು ಜಾರಲಿ ಅಂತ ಅಲ್ಲ, ಗಾಜಿನ ಅಂಶ ಮದ್ದಿಗೆ ಬಿಡಬಾರದು ಅಂತ. ಇಂಥದ್ದಕ್ಕೆ ನನಗೆ ತೋಚಿದ್ದು ‘ಕಲಾಯಿ’. ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಬಟ್ಟೆಯಲ್ಲಿ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಹುಳಿಸಾರು ಕಿಲುಬು ಹತ್ತದಿರಲಿ ಅಂತ ಮಾಡುತ್ತಿದ್ದದ್ದು. ಪಾತ್ರೆಯ ಒಳಮೈಗೆ, ಕಾವು ಕೊಟ್ಟು, ಒಳಗಿನ ಪದಾರ್ಥ ಕೆಡದ ಹಾಗೆ. ಮೂರೂ ಹೊಂದುತ್ತವೆ. ಪದವೇನೋ ಅರಬ್ಬಿಯಿಂದ ಬಂದದ್ದು, ತವರ ಅಂತಲೇ ಅದರ ಮೂಲ ಅರ್ಥ. ಆದರೆ ನಮ್ಮ ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದವರ ಬಾಯಲ್ಲಿ ಅದು ಕನ್ನಡವೇ ಆಗಿತ್ತು.

ಗೆಳೆಯರೊಬ್ಬರು ಬೇಡ ಅನ್ನುತ್ತಾರೆ. ಇಪ್ಪತ್ತೈದರ ಹುಡುಗರಿಗೆ ಕಲಾಯಿ ಗೊತ್ತಿಲ್ಲ, ಗೊತ್ತಿದ್ದವರಿಗೆ ತವರ ಬಿಟ್ಟು ಬೇರೆ ನೆನಪಾಗುವುದಿಲ್ಲ ಅಂತ ಅವರ ವಾದ. ‘ಬೇಯಿಸಿದ ಪದರ’ ಅಂದರೆ ಸಾಕಂತೆ. ಅರ್ಥವಾಗುತ್ತದೆ, ಒಪ್ಪುತ್ತೇನೆ. ಆದರೂ ಕಲಾಯಿ ಬಿಡಲು ಮನಸ್ಸಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟು. ಉತ್ತರ ಕರ್ನಾಟಕದ ಕಡೆ ‘ಪಸೆ’ ಎಣ್ಣೆಗೂ ಬಳಕೆಯಲ್ಲಿದೆಯೇ, ಇಲ್ಲ ಬರೀ ತೇವಕ್ಕೆ ಮಾತ್ರವೇ? ಕರಾವಳಿಯಲ್ಲಿ ಹಲಸು ಕೊಯ್ಯುವಾಗ ಹಚ್ಚುವ ಎಣ್ಣೆಗೆ ಬೇರೆ ಹೆಸರೇನಾದರೂ ಉಂಟೇ? ಮತ್ತೆ, ಕಲಾಯಿ ಅಂದರೆ ನಿಮ್ಮ ಮನೆಯ ಮಕ್ಕಳಿಗೆ ತಿಳಿಯುತ್ತದೆಯೇ ಅಂತ ಒಂದು ಸಲ ಕೇಳಿ ಹೇಳಿ. ಮುಂದಿನ ಶುಕ್ರವಾರ ಕೈಪಿಡಿ ಅಚ್ಚಿಗೆ ಹೋಗುತ್ತದೆ.